ಪಟ್ಟಿ ಬೇಡ, ಒಂದು ದೃಶ್ಯ ಕೊಡಿ

ನಮಸ್ಕಾರ,

ನೀವು ಕಳಿಸಿದ ‘ಷರ್ಲಾಕ್ ಹೋಮ್ಸ್‌ನಿಂದ ವೆಬ್ ಸೀರೀಸ್‌ವರೆಗೆ’ ಲೇಖನ ಓದಿದೆ. ಹತ್ತೊಂಬತ್ತನೇ ಶತಮಾನದ ಪತ್ತೇದಾರಿ ಕಥೆಗಳು ಇವತ್ತಿನ ಸಿನಿಮಾ, ಸೀರಿಯಲ್‌ಗಳ ಮೇಲೆ ಪ್ರಭಾವ ಬೀರಿವೆ ಅನ್ನುವುದು ನಿಮ್ಮ ವಾದ. ನೇರವಾಗಿ ಹೇಳಿಬಿಡುತ್ತೇನೆ, ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ‘ಪ್ರಭಾವ’ ಅನ್ನುವ ಪದ ಪ್ರತಿ ಪುಟದಲ್ಲೂ ಇದೆ, ಪ್ರಭಾವ ಮಾತ್ರ ಎಲ್ಲೂ ಕಣ್ಣಿಗೆ ಬೀಳುವುದಿಲ್ಲ.

ನಿಮ್ಮ ಪಟ್ಟಿಯಲ್ಲಿ ಇಸವಿಗಳಿವೆ: 1841ರಲ್ಲಿ ಎಡ್ಗರ್ ಅಲನ್ ಪೋ ಬರೆದ ಪತ್ತೇದಾರಿ ಕಥೆ, 1887ರಲ್ಲಿ ಹೋಮ್ಸ್‌ನ ಮೊದಲ ಕಾದಂಬರಿ, 2010ರಲ್ಲಿ ಬಿಬಿಸಿಯ ‘ಷರ್ಲಾಕ್’. ಎಲ್ಲ ಸರಿ. ಆದರೆ ಇದನ್ನು ಯಾರು ಬೇಕಾದರೂ ಮೊಬೈಲಿನಲ್ಲಿ ಹುಡುಕಿಕೊಳ್ಳಬಹುದು, ಅಲ್ವಾ?

ಬಿಬಿಸಿ ಸರಣಿಯ ಮೊದಲ ಕಂತು ನೋಡಿದ್ದೀರಿ ಅಂತ ಬರೆದಿದ್ದೀರಿ. ಹಾಗಾದರೆ ಟ್ಯಾಕ್ಸಿಯ ಮಾತುಕತೆಯನ್ನು ಯಾಕೆ ಬಿಟ್ಟಿರಿ? 1890ರ ಹೋಮ್ಸ್ ಕಾದಂಬರಿ ‘ದಿ ಸೈನ್ ಆಫ್ ಫೋರ್’ ತೆಗೆದು ಪಕ್ಕದಲ್ಲಿಟ್ಟು ನೋಡಿ. ಅದರಲ್ಲಿ ಹೋಮ್ಸ್‌ನ ಗೆಳೆಯ ವಾಟ್ಸನ್ ಬೇಕೆಂದೇ ಒಂದು ಜೇಬುಗಡಿಯಾರ ಕೊಟ್ಟು ಹೋಮ್ಸ್‌ನನ್ನು ಪರೀಕ್ಷೆ ಮಾಡುತ್ತಾನೆ. ಕೀ ಕೊಡುವ ತೂತಿನ ಸುತ್ತ ಸಾವಿರಾರು ಗೀರು. ದಿನಾ ರಾತ್ರಿ ನಡುಗುವ ಕೈಯಲ್ಲಿ ಕೀ ಕೊಟ್ಟಿದ್ದಾನೆ, ನಿಮ್ಮ ಅಣ್ಣ ಕುಡುಕನಾಗಿದ್ದ ಅನ್ನುತ್ತಾನೆ ಹೋಮ್ಸ್. ಹೇಳಿದ್ದೆಲ್ಲ ನಿಜ. ವಾಟ್ಸನ್‌ಗೆ ಸಿಟ್ಟೇ ಬರುತ್ತದೆ. ಬಿಬಿಸಿಯ ಆ ಟ್ಯಾಕ್ಸಿ ದೃಶ್ಯದಲ್ಲಿ ಗಡಿಯಾರ ಹೋಗಿ ಮೊಬೈಲ್ ಬಂದಿದೆ, ಕೀ ತೂತಿನ ಬದಲು ಚಾರ್ಜರ್ ಚುಚ್ಚುವ ಜಾಗ. ಗೀರು ಮಾತ್ರ ಅದೇ. ಫೋನಿನ ಮೇಲೆ ಹ್ಯಾರಿ ಅಂತ ಹೆಸರು, ಅದು ವಾಟ್ಸನ್‌ನ ಅಣ್ಣನೋ ತಮ್ಮನೋ ಇರಬೇಕು ಅಂತ ಹೋಮ್ಸ್ ಲೆಕ್ಕ ಹಾಕುತ್ತಾನೆ. ಆದರೆ ಹ್ಯಾರಿ ಅಂದರೆ ಹ್ಯಾರಿಯೆಟ್, ಹೆಂಗಸು!

ಮೂಲ ಓದಿದವರಿಗೇ ಅಂತ ಇಟ್ಟ ಬೋನು ಇದು. ಅದೇ ಕಂತಿನಲ್ಲಿ ಇನ್ನೊಂದೂ ಇದೆ. 1887ರ ಕಾದಂಬರಿಯಲ್ಲಿ ಗೋಡೆಯ ಮೇಲೆ ‘ರಾಖೆ’ (Rache) ಅಂತ ರಕ್ತದಲ್ಲಿ ಬರೆದಿರುತ್ತದೆ. ರೇಚಲ್ (Rachel) ಅಂತ ಬರೆಯಲು ಹೊರಟಿದ್ದರು ಅನ್ನುತ್ತಾನೆ ಪೊಲೀಸ್. ಅಲ್ಲ, ಅದು ಜರ್ಮನ್, ಸೇಡು ಅಂತ ಅರ್ಥ ಅನ್ನುತ್ತಾನೆ ಹೋಮ್ಸ್. ಬಿಬಿಸಿಯಲ್ಲಿ ಪೂರ್ತಿ ಉಲ್ಟಾ. ಜರ್ಮನ್ ಅಂದವನಿಗೆ ಅವಮಾನ, ರೇಚಲ್ಲೇ ಸರಿ. ನಿಮ್ಮ ಲೇಖನ ಇಲ್ಲಿಂದ ಶುರುವಾಗಬೇಕಿತ್ತು.

ಒಂದು ತಪ್ಪು ತಿದ್ದಿ. ‘ಎಲಿಮೆಂಟರಿ, ಮೈ ಡಿಯರ್ ವಾಟ್ಸನ್’ ಅನ್ನುವ ಮಾತು ಡಾಯ್ಲ್ ಬರೆದ ಯಾವ ಹೋಮ್ಸ್ ಕಥೆಯಲ್ಲೂ ಹಾಗೆ ಬರುವುದಿಲ್ಲ. ಹೋಮ್ಸ್ ಅಂದರೆ ಕಣ್ಣಿಗೆ ಬರುವ ಆ ಬೇಟೆಗಾರರ ಟೋಪಿಯೂ ಅಷ್ಟೇ. ಡಾಯ್ಲ್ ಮೊದಲು ಬರೆದದ್ದು ಸುಮ್ನೆ ಒಂದು ಬಟ್ಟೆಯ ಟೋಪಿ ಅಂತ. ಅದಕ್ಕೆ ಆ ರೂಪ ಕೊಟ್ಟವನು ‘ಸ್ಟ್ರ್ಯಾಂಡ್’ ಪತ್ರಿಕೆಯ ಚಿತ್ರಕಾರ ಸಿಡ್ನಿ ಪ್ಯಾಜೆಟ್.

ನನಗೆ ಜಾಸ್ತಿ ಬೇಜಾರಾದದ್ದು ಬೇರೆ ಕಾರಣಕ್ಕೆ. ವಿಲ್ಕಿ ಕಾಲಿನ್ಸ್‌ನ ‘ದಿ ಮೂನ್‌ಸ್ಟೋನ್’ (1868) ನಿಮ್ಮ ಪಟ್ಟಿಯಲ್ಲೇ ಇಲ್ಲ. ಆ ಕಾದಂಬರಿಯ ವಜ್ರ ಇಂಗ್ಲಿಷರ ಕೈಸೇರುವುದು ಎಲ್ಲಿ ಗೊತ್ತಾ? ನಮ್ಮ ಶ್ರೀರಂಗಪಟ್ಟಣದಲ್ಲಿ, 1799ರಲ್ಲಿ ಟಿಪ್ಪು ಸತ್ತ ದಿನದ ಲೂಟಿಯಲ್ಲಿ. ಕನ್ನಡದಲ್ಲಿ ಈ ವಿಷಯ ಬರೆಯುವವರು ಅದನ್ನು ಬಿಡಬಹುದೇ? ಬರೆಯುವುದಕ್ಕೆ ಅಲ್ಲಿ ಬೇಕಾದಷ್ಟಿದೆ. ಕಥೆಯನ್ನು ಒಬ್ಬರಾದ ಮೇಲೊಬ್ಬರು ಹೇಳುತ್ತಾರೆ, ಪ್ರತಿಯೊಬ್ಬರಿಗೂ ಗೊತ್ತಿರುವುದು ಅರ್ಧ ಮಾತ್ರ. ಗುಲಾಬಿ ಹುಚ್ಚಿನ ಪತ್ತೇದಾರ ಸಾರ್ಜೆಂಟ್ ಕಫ್ ಬುದ್ಧಿವಂತ, ಆದರೂ ತಪ್ಪು ವ್ಯಕ್ತಿಯ ಮೇಲೆ ಅನುಮಾನ ಪಡುತ್ತಾನೆ. ಎಡವುವ ಪತ್ತೇದಾರ ಇವತ್ತಿನ ಸೀರೀಸ್‌ಗಳ ಹೊಸ ಕಲ್ಪನೆ ಅಂತ ಬರೆದಿದ್ದೀರಲ್ಲ, ಕಫ್‌ನನ್ನು ಓದಿದ ಮೇಲೆ ಆ ಸಾಲು ನೀವೇ ಹೊಡೆದುಹಾಕುತ್ತೀರಿ.

ಮತ್ತೆ ಬರೆಯಿರಿ. ಎರಡೇ ಕೃತಿ, ಮೂರು ದೃಶ್ಯ ಸಾಕು. ‘ಅಪ್ರತಿಮ’, ‘ಅದ್ಭುತ’ ಎಲ್ಲ ತೆಗೆಯಿರಿ. ಎಂಟುನೂರು ಪದ ದಾಟಬೇಡಿ. ಮತ್ತೆ, ನುಡಿ ಫೈಲ್ ನಮ್ಮಲ್ಲಿ ತೆರೆದರೆ ಅಕ್ಷರ ಚೆಲ್ಲಾಪಿಲ್ಲಿಯಾಗುತ್ತದೆ, ಯೂನಿಕೋಡ್‌ನಲ್ಲೇ ಕಳಿಸಿ.

ಇಂತಿ,
ಸಂಪಾದಕ