ವಿಮಾನದ ಪೈಲಟ್ ಆಗಲು ಶ್ರಮ ಸಾಕೇ, ಅದೃಷ್ಟವೂ ಬೇಕೇ?

ಎರಡೂ ಬೇಕು, ಆದರೆ ಒಂದೇ ಹೊತ್ತಿಗಲ್ಲ. ಲೈಸೆನ್ಸ್ ಕೈಗೆ ಬರುವವರೆಗೆ ಬಹುಪಾಲು ಶ್ರಮವೇ (ಜೊತೆಗೆ ಅಪ್ಪನ ದುಡ್ಡು, ಇಲ್ಲವೇ ಬ್ಯಾಂಕ್ ಸಾಲ): ಡಿಜಿಸಿಎ (ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ) ನಡೆಸುವ ಪರೀಕ್ಷೆಗಳು, 200 ಗಂಟೆ ಹಾರಾಟ, ಮೋಡ ಕವಿದ ದಿನ ವಿಮಾನ ನಿಲ್ಲಿಸುವ ಹ್ಯಾಂಗರ್ ಮುಂದೆ ಆಕಾಶ ನೋಡುತ್ತಾ ಕೂರುವುದು.

ಆಮೇಲಿನದು ಕಾಲದ ಆಟ. 2012ರಲ್ಲಿ ಕಿಂಗ್‌ಫಿಷರ್, 2019ರಲ್ಲಿ ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿದಾಗ ಸಾವಿರಾರು ಗಂಟೆ ಹಾರಿದ ಕ್ಯಾಪ್ಟನ್‌ಗಳೇ ಕೆಲಸ ಹುಡುಕುತ್ತಿದ್ದರು. ಆಗಷ್ಟೇ ಲೈಸೆನ್ಸ್ ಪಡೆದ ಹುಡುಗರನ್ನು ಕೇಳುವವರು ಯಾರು? ಅದೇ 2023ರಲ್ಲಿ ಇಂಡಿಗೊ ಒಂದೇ ಏಟಿಗೆ 500 ವಿಮಾನಗಳಿಗೆ ಆರ್ಡರ್ ಕೊಟ್ಟಿತು; ಅಷ್ಟನ್ನೂ ಹಾರಿಸಲು ಪೈಲಟ್‌ಗಳು ಬೇಕಲ್ಲ!

ಕಣ್ಣು, ಕಿವಿ, ಹೃದಯ ನೋಡುವ ಕ್ಲಾಸ್ 1 ಮೆಡಿಕಲ್ ಮಾತ್ರ ಓದಿ ಪಾಸಾಗುವಂಥದ್ದಲ್ಲ. ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲೇ ಅದನ್ನು ಮಾಡಿಸಿಬಿಡಿ.