ಕ್ಲಿಪ್ ಹಾಕಿದಾಗ ಮೂಳೆಯೊಳಗಿನ ಹಲ್ಲು ಜರುಗುವುದು ಹೇಗೆ?

ಹೀಗೆಂದು ಕೇಳಿ ಬರೆದಿದ್ದೀರಿ. ಡೊಂಬಿವಲಿಯ ನಿಮ್ಮ ಹಲ್ಲಿನ ಡಾಕ್ಟರು ಮಗಳ ಕ್ಲಿಪ್ (ಹಲ್ಲು ಸರಿಪಡಿಸುವ ತಂತಿ) ಬಿಗಿ ಮಾಡುತ್ತಾ "ಕೆಲಸವೆಲ್ಲ ಲಿಗಮೆಂಟಿನ ಜೀವಕೋಶಗಳದ್ದು" ಎಂದರಂತೆ. ಸರಿಯಾಗಿಯೇ ಹೇಳಿದ್ದಾರೆ. ಹಲ್ಲಿನ ಬೇರು ದವಡೆ ಮೂಳೆಗೆ ನೇರವಾಗಿ ಅಂಟಿರುವುದಿಲ್ಲ. ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರವಿದೆ. ಅದೇ ಪೆರಿಯೊಡಾಂಟಲ್ ಲಿಗಮೆಂಟ್. ಲೋಣಾವಳದ ಚಿಕ್ಕಿ ಕಡಿದಾಗ ಬೀಳುವ ಒತ್ತಡವನ್ನು ತಾಳಿಕೊಳ್ಳುವುದೂ ಇದೇ.

ಈ ನಾರಿನ ಬಹುಪಾಲು ಕೊಲಾಜೆನ್ ಎಂಬ ಪ್ರೋಟೀನು. ಜೊತೆಗೆ ಫೈಬ್ರೊನೆಕ್ಟಿನ್, ಪೆರಿಯೊಸ್ಟಿನ್‌ನಂಥ ಪ್ರೋಟೀನುಗಳು. ಇವನ್ನು ತಯಾರಿಸುವ ಫೈಬ್ರೊಬ್ಲಾಸ್ಟ್ ಕೋಶಗಳ ಮೈಮೇಲೆ ಇಂಟೆಗ್ರಿನ್ ಎಂಬ ಗ್ರಾಹಕಗಳಿವೆ (ರಿಸೆಪ್ಟರ್‌ಗಳು). ಇಂಟೆಗ್ರಿನ್‌ನ ಹೊರತುದಿ ಪ್ರೋಟೀನನ್ನು ಹಿಡಿದರೆ, ಒಳತುದಿ ಕೋಶದೊಳಗಿನ ಆಕ್ಟಿನ್ ಎಳೆಗಳಿಗೆ ಕೊಂಡಿಯಾಗುತ್ತದೆ. ಇಂಥ ಪ್ರೋಟೀನಿಗೆ ಇಂಥ ಇಂಟೆಗ್ರಿನ್ ಎಂಬ ಲೆಕ್ಕವೂ ಉಂಟು: ಆಲ್ಫಾ2ಬೀಟಾ1 ಎಂಬ ಬಗೆ ಕೊಲಾಜೆನ್‌ಗೆ, ಆಲ್ಫಾ5ಬೀಟಾ1 ಫೈಬ್ರೊನೆಕ್ಟಿನ್‌ಗೆ. ತಂತಿ ಎಳೆದಾಗ ನಾರು ಬಿಗಿಯುತ್ತದೆ, ಆ ಎಳೆತ ಇಂಟೆಗ್ರಿನ್ ಮೂಲಕ ಕೋಶಕ್ಕೆ ಮುಟ್ಟುತ್ತದೆ, ಒಳಗೆ ಜೀನುಗಳ ಚಟುವಟಿಕೆ ಬದಲಾಗುತ್ತದೆ. ಎಳೆತದ ಬದಿಯಲ್ಲಿ ಹೊಸ ಮೂಳೆ ಬೆಳೆಯುತ್ತದೆ. ಒತ್ತಡದ ಬದಿಯಲ್ಲಿ ಕೋಶಗಳು ರ‍್ಯಾಂಕ್‌ಎಲ್ ಎಂಬ ಸಂಕೇತ ಹೊರಡಿಸಿ, ಮೂಳೆ ಕರಗಿಸುವ ಆಸ್ಟಿಯೊಕ್ಲಾಸ್ಟ್‌ಗಳನ್ನು ಹುಟ್ಟುಹಾಕುತ್ತವೆ. ಹಲ್ಲಿನ ಜೊತೆ ಅದರ ಗೂಡೂ ಜರುಗುವುದು ಹೀಗೆ.

ನೀವು ಕೇಳದಿದ್ದರೂ ಒಂದು ಮಾತು: ಕ್ಲಿಪ್ ತೆಗೆದ ಮೇಲೆ ರಿಟೇನರ್ (ಹಲ್ಲು ಮತ್ತೆ ಹಳೇ ಜಾಗಕ್ಕೆ ಜರುಗದಂತೆ ಹಿಡಿದಿಡುವ ಸಾಧನ) ಹಾಕಲು ಮಗಳು ಮುಖ ಗಂಟಿಕ್ಕಿದರೆ ಬಿಡಬೇಡಿ. ನಾರು ಹೊಸ ಜಾಗಕ್ಕೆ ಹೊಂದಿಕೊಳ್ಳಲು ತಿಂಗಳುಗಳು ಬೇಕು. ಅದರಲ್ಲೂ ಒಸಡಿನ ನಾರುಗಳು ಬಲು ನಿಧಾನ.