ಜಪಾನ್, ಫಿನ್‌ಲ್ಯಾಂಡ್ ಎರಡಕ್ಕೂ ಹೋಗುತ್ತಿದ್ದೇವೆ, ತಪ್ಪಿಸಿಕೊಳ್ಳಬಾರದ್ದು ಯಾವುದು?

ಗಂಡ-ಹೆಂಡತಿ ಇಬ್ಬರೇ, ಎರಡೂ ದೇಶ ಸೇರಿ ಹತ್ತು ದಿನ, ಇಬ್ಬರೂ ಸಸ್ಯಾಹಾರಿಗಳು, ಫೋಟೋ ತೆಗೆಯುವ ಜಾಗಗಳ ಪಟ್ಟಿ ಬೇಡ, ಅಲ್ಲಿಯವರು ಬದುಕುವ ರೀತಿ ತಿಳಿಯುವಂಥದ್ದು ಹೇಳಿ ಎಂದು ಕೇಳಿದ್ದೀರಿ. ಹಾಗಾದರೆ ಎರಡೂ ಕಡೆ ಸ್ನಾನಕ್ಕೆ ಹೋಗಿ. ಜಪಾನಿನಲ್ಲಿ ಬಿಸಿನೀರಿನ ಬುಗ್ಗೆಯ ಒನ್ಸೆನ್, ಫಿನ್‌ಲ್ಯಾಂಡಿನಲ್ಲಿ ಬಿಸಿ ಕೋಣೆಯಲ್ಲಿ ಕೂತು ಬೆವರುವ ಸೌನಾ. ಸುಮಾರು 55 ಲಕ್ಷ ಜನರ ಫಿನ್‌ಲ್ಯಾಂಡಿನಲ್ಲಿ 30 ಲಕ್ಷದಷ್ಟು ಸೌನಾಗಳಿವೆ. ಜಪಾನಿನಲ್ಲಿ ಯಾವ ನೀರನ್ನು ಒನ್ಸೆನ್ ಎನ್ನಬಹುದು ಎಂಬುದಕ್ಕೇ 1948ರ ಕಾನೂನಿದೆ: ಬುಗ್ಗೆಯಲ್ಲಿ 25 ಡಿಗ್ರಿಯಾದರೂ ಬಿಸಿ ಇರಬೇಕು, ಇಲ್ಲವೇ ಗೊತ್ತುಪಡಿಸಿದ 19 ಅಂಶಗಳಲ್ಲಿ ಒಂದಾದರೂ ನಿಗದಿತ ಪ್ರಮಾಣದಲ್ಲಿರಬೇಕು.

ಮೊದಲು ಸಂಕೋಚದ ಮಾತು ಮುಗಿಸಿಬಿಡೋಣ. ಎರಡೂ ಕಡೆ ಮೈಮೇಲೆ ಬಟ್ಟೆ ಇರುವುದಿಲ್ಲ, ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಜಾಗ. ಯಾರೂ ಯಾರನ್ನೂ ನೋಡುತ್ತಾ ಕೂರುವುದಿಲ್ಲ. ಏನು ಮಾಡಿದರೂ ಆಗದು ಎನ್ನುವವರಿಗೂ ದಾರಿ ಇದೆ. ಜಪಾನಿನಲ್ಲಿ 'ಕಾಶಿಕಿರಿ' ಎಂದು ಕೇಳಿ, ನಿಮ್ಮಿಬ್ಬರಿಗೇ ಬಾಗಿಲು ಹಾಕಿಕೊಳ್ಳುವ ತೊಟ್ಟಿ ಗಂಟೆ ಲೆಕ್ಕದಲ್ಲಿ ಸಿಗುತ್ತದೆ. ಹೆಲ್ಸಿಂಕಿಯಲ್ಲಿ 2016ರಲ್ಲಿ ಶುರುವಾದ, ಸಮುದ್ರದಂಚಿನ 'ಲೊಯ್ಲು' ಸೌನಾದಲ್ಲಿ ಈಜುಡುಗೆ ಕಡ್ಡಾಯ, ಗಂಡ-ಹೆಂಡತಿ ಒಟ್ಟಿಗೇ ಕೂರಬಹುದು. ಮುಂಚೆಯೇ ಬುಕ್ ಮಾಡಿ.

ಒನ್ಸೆನ್‌ಗೆ ಹೋಗುವ ಮುನ್ನ ಊರಿನ ಸೆಂತೊ, ಅಂದರೆ ಬೀದಿಯ ಸಾರ್ವಜನಿಕ ಸ್ನಾನಗೃಹದಲ್ಲಿ ಒಮ್ಮೆ ಅಭ್ಯಾಸ ಮಾಡಿಕೊಳ್ಳಿ. ಟೋಕಿಯೊದಲ್ಲಿ 2024ರಲ್ಲಿ ದರ 550 ಯೆನ್ ಆಯಿತು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಪೆಟ್ಟಿಗೆಯಲ್ಲಿಡಿ. ಒಳಗೆ ಹೋಗುವ ಪರದೆಯ ಮೇಲೆ ಗಂಡಸರಿಗೆ 男, ಹೆಂಗಸರಿಗೆ 女 ಎಂದು ಬರೆದಿರುತ್ತದೆ. ಈ ಎರಡು ಅಕ್ಷರ ಫೋನಿನಲ್ಲಿ ಉಳಿಸಿಕೊಳ್ಳಿ. ಎಡಗಡೆ-ಬಲಗಡೆ ಎಂದು ನೆನಪಿಟ್ಟುಕೊಂಡರೆ ಕೆಟ್ಟಿರಿ: ಸಾಂಪ್ರದಾಯಿಕ ವಸತಿಗೃಹಗಳಾದ ಅನೇಕ ರ್‍ಯೊಕಾನ್‌ಗಳಲ್ಲಿ ರಾತ್ರಿ ಪರದೆ ಅದಲುಬದಲು ಮಾಡುತ್ತಾರೆ, ಎರಡೂ ತೊಟ್ಟಿಗಳು ಎಲ್ಲರಿಗೂ ಸಿಗಲಿ ಎಂದು. ನಿನ್ನೆ ಸಂಜೆ ಗಂಡಸರದ್ದಾಗಿದ್ದ ಬಾಗಿಲು ಬೆಳಿಗ್ಗೆ ಹೆಂಗಸರದ್ದು.

ಒಳಗೆ ಹೋದೊಡನೆ ತೊಟ್ಟಿಗೆ ಇಳಿಯುವಂತಿಲ್ಲ. ತೊಟ್ಟಿ ಇರುವುದು ಮೈ ತೊಳೆಯಲಿಕ್ಕಲ್ಲ, ತೊಳೆದ ಮೈಯನ್ನು ನೆನೆಸಲಿಕ್ಕೆ. ಗೋಡೆಯ ಬದಿಯಲ್ಲಿ ಗಿಡ್ಡ ಸ್ಟೂಲು, ಬೋಗುಣಿ, ಕೈ ಷವರ್ ಇರುತ್ತವೆ. ಸ್ಟೂಲಿನ ಮೇಲೆ ಕೂತೇ ಸೋಪು ಹಚ್ಚಿ ತೊಳೆದುಕೊಳ್ಳಿ, ನಿಂತರೆ ಪಕ್ಕದವರಿಗೆ ಸಿಡಿಯುತ್ತದೆ. ನಮ್ಮವರು ವಿಶೇಷವಾಗಿ ಗಮನಿಸಬೇಕಾದ್ದು ತಲೆಗೆಣ್ಣೆ. ಕೊಬ್ಬರಿ ಎಣ್ಣೆಯ ತಲೆಯಲ್ಲಿ ಇಳಿದರೆ ನೀರಿನ ಮೇಲೆ ಜಿಡ್ಡು ತೇಲುತ್ತದೆ, ಎರಡು ಸಲ ಶಾಂಪೂ ಹಾಕಿ. ಉದ್ದ ಕೂದಲನ್ನು ಎತ್ತಿ ಕಟ್ಟಿ. ನೊರೆ ಪೂರ್ತಿ ಹೋದ ಮೇಲೆ ಸ್ಟೂಲನ್ನೂ ತೊಳೆದಿಟ್ಟು, ಬೋಗುಣಿಯಿಂದ ಮೊದಲು ಕಾಲಿಗೆ, ಆಮೇಲೆ ಹೆಗಲಿಗೆ ಬಿಸಿನೀರು ಹಾಕಿಕೊಂಡು ಮೆಲ್ಲಗೆ ಇಳಿಯಿರಿ. ಚಿಕ್ಕ ಟವೆಲ್ ನೀರಿಗೆ ತಾಗಬಾರದು, ಮಡಿಸಿ ತಲೆಯ ಮೇಲಿಟ್ಟುಕೊಳ್ಳುವುದು ರೂಢಿ.

ನೀರು ಸಾಮಾನ್ಯವಾಗಿ 40ರಿಂದ 42 ಡಿಗ್ರಿ. ಇಷ್ಟೇನಾ ಅನ್ನಬೇಡಿ. ಚೊಂಬಿನಿಂದ ಸುರಿದುಕೊಂಡ ನೀರು ಮೈಮೇಲೆ ಹರಿದು ಹೋಗುತ್ತದೆ, ಕುತ್ತಿಗೆವರೆಗೆ ಮುಳುಗಿದಾಗ ಮೈ ತನ್ನ ಶಾಖ ಹೊರಹಾಕಲು ಜಾಗವೇ ಇರುವುದಿಲ್ಲ. ಐದರಿಂದ ಹತ್ತು ನಿಮಿಷ ಸಾಕು. ಹೆಚ್ಚಿನವರಿಗೆ ತಲೆ ಸುತ್ತುವುದು ತೊಟ್ಟಿಯೊಳಗಲ್ಲ, ಥಟ್ಟನೆ ಎದ್ದು ನಿಂತಾಗ: ರಕ್ತನಾಳಗಳು ಹಿಗ್ಗಿರುತ್ತವೆ, ಎದ್ದೊಡನೆ ಒತ್ತಡ ಕುಸಿಯುತ್ತದೆ. ಮೊದಲು ಅಂಚಿನ ಮೇಲೆ ಕೂತು, ಆಮೇಲೆ ಏಳಿ. ಬಟ್ಟೆ ಬದಲಿಸುವ ಕೋಣೆಗೆ ಹೋಗುವ ಮುನ್ನ ಚಿಕ್ಕ ಟವೆಲ್ ಹಿಂಡಿ ಮೈ ಒರೆಸಿಕೊಳ್ಳಿ. ಅಲ್ಲಿ ನೆಲ ಒದ್ದೆ ಮಾಡಿದರೆ ಯಾರೂ ಬೈಯುವುದಿಲ್ಲ, ಆದರೆ ಎಲ್ಲರಿಗೂ ಬೇಸರವಾಗಿರುತ್ತದೆ.

ಒಡವೆ ತೆಗೆದಿಡಿ. ಗಂಧಕದ ನೀರಿನಲ್ಲಿ ಬೆಳ್ಳಿಯ ಕಾಲುಂಗುರ, ಗೆಜ್ಜೆ, ಉಡಿದಾರ ನಿಮಿಷಗಳಲ್ಲಿ ಕಪ್ಪಾಗುತ್ತವೆ. ಕುಸಾತ್ಸು ಎಂಬ ಒನ್ಸೆನ್ ಊರಿನ ನೀರಂತೂ ನಿಂಬೆರಸದಷ್ಟು ಹುಳಿ, ಪಿಎಚ್ ಸುಮಾರು 2. ಅಂದೇ ಶೇವ್ ಮಾಡಿದ್ದರೆ ಉರಿ ತಡೆಯಲಾಗದು, ಕಣ್ಣಿಗಂತೂ ಮುಟ್ಟಿಸಲೇಬೇಡಿ. ಹಚ್ಚೆ ಇದ್ದವರನ್ನು ಹಲವೆಡೆ ಬಿಡುವುದಿಲ್ಲ, ಅಜ್ಜಿಯಂದಿರ ಕೈಮೇಲಿನ ಹಸಿರು ಹಚ್ಚೆಯೂ ಅವರಿಗೆ ಹಚ್ಚೆಯೇ. ಮುಟ್ಟಿನ ದಿನಗಳಲ್ಲಿ ತೊಟ್ಟಿಗೆ ಇಳಿಯಬಾರದು.

ಒಂದೇ ಊರು ಹೇಳಿ ಎಂದರೆ ನಾನು ಕಿನೊಸಾಕಿ ಹೇಳುತ್ತೇನೆ. ಕ್ಯೋಟೊದಿಂದ ನೇರ ರೈಲಿನಲ್ಲಿ ಎರಡೂವರೆ ಗಂಟೆ. ಊರಲ್ಲಿ ಏಳು ಸಾರ್ವಜನಿಕ ಸ್ನಾನಗೃಹಗಳು, ಹಚ್ಚೆಗೂ ಅಡ್ಡಿಯಿಲ್ಲ. ಅಲ್ಲಿನ ರ್‍ಯೊಕಾನ್‌ನಲ್ಲಿ ಉಳಿದವರಿಗೆ ಏಳಕ್ಕೂ ಪಾಸ್ ಕೊಡುತ್ತಾರೆ. ಯುಕಾತಾ ಎಂಬ ತೆಳು ಹತ್ತಿಯ ನಿಲುವಂಗಿ ಉಟ್ಟು, ಗೆತಾ ಎಂಬ ಮರದ ಚಪ್ಪಲಿ ಮೆಟ್ಟಿ ಒಂದರಿಂದ ಇನ್ನೊಂದಕ್ಕೆ ನಡೆದುಕೊಂಡು ಹೋಗುವುದೇ ಅಲ್ಲಿನ ಸಂಜೆ. ಒಂದೊಂದು ಸ್ನಾನಗೃಹಕ್ಕೆ ವಾರದಲ್ಲಿ ಒಂದೊಂದು ದಿನ ರಜೆ, ನೋಡಿಕೊಂಡು ದಿನ ಗೊತ್ತುಮಾಡಿ. ಯುಕಾತಾದ ಎಡ ಅಂಚು ಮೇಲೆ ಬರಬೇಕು. ಬಲ ಅಂಚು ಮೇಲೆ ಬರುವಂತೆ ಉಡಿಸುವುದು ಶವಕ್ಕೆ ಮಾತ್ರ.

ಇನ್ನು ಸೌನಾ. ಬೆಂಗಳೂರಿನ ಜಿಮ್ಮಿನಲ್ಲಿ ನೋಡಿದ್ದೇವೆ ಎನ್ನುವವರು ಅದನ್ನು ಮರೆತುಬಿಡಿ. ಸೌನಾದ ಜೀವ ಇರುವುದು ಕಲ್ಲಿನ ಮೇಲೆ ನೀರು ಹಾಕಿದಾಗ ಏಳುವ ಆವಿಯಲ್ಲಿ, ಆ ಆವಿಗೇ ಲೊಯ್ಲು ಎನ್ನುವುದು. ಕೋಣೆ ಎಂಬತ್ತು-ತೊಂಬತ್ತು ಡಿಗ್ರಿ ಇದ್ದರೂ ಗಾಳಿ ಒಣಗಿರುವುದರಿಂದ ತಾಳಬಹುದು. ಒಂದು ಸೌಟು ನೀರು ಬಿದ್ದೊಡನೆ ಆವಿ ಚಾವಣಿಗೆ ಏರಿ, ಇಳಿದು, ಮೈಮೇಲೆ ಹನಿಯಾಗಿ ತನ್ನ ಶಾಖವನ್ನೆಲ್ಲ ಅಲ್ಲೇ ಬಿಡುತ್ತದೆ. ಕಿವಿ ತುದಿಗೆ, ಹೆಗಲಿಗೆ ಮೊದಲು ತಟ್ಟುತ್ತದೆ. ಬಕೆಟ್ ಗಟ್ಟಲೆ ಸುರಿದರೆ ಕಲ್ಲು ತಣ್ಣಗಾಗಿ ನೆಲ ಒದ್ದೆಯಾಗುವುದಷ್ಟೇ. ಸುರಿಯುವ ಮುನ್ನ ಉಳಿದವರನ್ನು ಒಂದು ಮಾತು ಕೇಳಿ.

ಕ್ರಮ ಸರಳ. ಷವರ್ ಮಾಡಿ, ಕೂರಲು ಟವೆಲ್ ಹಿಡಿದು ಒಳಗೆ ಹೋಗಿ. ಮೊದಲ ಸಲ ಕೆಳಗಿನ ಮೆಟ್ಟಿಲಲ್ಲೇ ಕೂತುಕೊಳ್ಳಿ, ಎತ್ತರ ಹೋದಷ್ಟೂ ಬಿಸಿ. ಕನ್ನಡಕ ಹೊರಗಿಡಿ, ಶಾಖಕ್ಕೆ ಗಾಜಿನ ಲೇಪ ಬಿರುಕು ಬಿಡುತ್ತದೆ. ಮಾಂಗಲ್ಯದ ಸರವೂ ಕಾದು ಚುರುಕೆನ್ನುತ್ತದೆ. ಈಜುಕೊಳದ ಸೌನಾಗಳಲ್ಲಿ ಈಜುಡುಗೆ ಹಾಕಿ ಕೂರುವುದಕ್ಕೆ ಬಿಡುವುದಿಲ್ಲ, ಬಟ್ಟೆ ಹೀರಿದ ಕ್ಲೋರಿನ್ ಬಿಸಿಗೆ ಗಾಳಿ ಸೇರುತ್ತದೆ. ಹತ್ತು ನಿಮಿಷ ಒಳಗೆ, ಅಷ್ಟೇ ಹೊತ್ತು ಹೊರಗೆ, ನೀರು ಕುಡಿದು ಮತ್ತೆ ಒಳಗೆ. ಎರಡು-ಮೂರು ಸುತ್ತು ಸಾಕು. ಪಕ್ಕದ ಅಜ್ಜ ಇನ್ನೂ ಕೂತಿದ್ದಾರೆಂದು ಹಟ ಹಿಡಿಯಬೇಡಿ. ಫಿನ್‌ಲ್ಯಾಂಡಿನ ಹೇನೊಲಾ ಊರಿನಲ್ಲಿ ಯಾರು ಹೆಚ್ಚು ಹೊತ್ತು ಕೂರುತ್ತಾರೆಂಬ ವಿಶ್ವ ಸ್ಪರ್ಧೆಯೇ ನಡೆಯುತ್ತಿತ್ತು, 2010ರಲ್ಲಿ ಫೈನಲ್ ತಲುಪಿದ್ದ ಸ್ಪರ್ಧಿಯೊಬ್ಬರು ಸತ್ತ ಮೇಲೆ ನಿಂತುಹೋಯಿತು.

ಹೆಲ್ಸಿಂಕಿಯಲ್ಲಿ 1928ರ ಕೊತಿಹಾರ್ಯು ಸೌನಾಕ್ಕೆ ಹೋಗಿ, ಈಗಲೂ ಸೌದೆ ಒಲೆ. ಬೆವರಿದವರು ಟವೆಲ್ ಸುತ್ತಿಕೊಂಡು ಬೀದಿ ಬದಿಯಲ್ಲೇ ಕೂತಿರುತ್ತಾರೆ. ಒಂದು ದಿನ ಹೆಚ್ಚಿದ್ದರೆ ಟಾಂಪೆರೆಗೆ ರೈಲು ಹಿಡಿಯಿರಿ, ಎರಡು ಗಂಟೆಯೊಳಗಿನ ದಾರಿ. ಅಲ್ಲಿನ ರಾಯಪೊರ್ತಿ 1906ರದು, ದೇಶದಲ್ಲಿ ಈಗಲೂ ನಡೆಯುತ್ತಿರುವ ಸಾರ್ವಜನಿಕ ಸೌನಾಗಳಲ್ಲಿ ಎಲ್ಲಕ್ಕಿಂತ ಹಳೆಯದು.

ಚಳಿಗಾಲದಲ್ಲಿ ಹೋದರೆ ಕೆರೆಯ ಮಂಜುಗಡ್ಡೆ ಕೊರೆದು ಮಾಡಿದ ಹೊಂಡವೂ ಇರುತ್ತದೆ. ಹಾರಬೇಡಿ. ಏಣಿಯ ಕಂಬಿ ಹಿಡಿದು, ಉಸಿರು ಹೊರಬಿಡುತ್ತಾ ಇಳಿಯಿರಿ. ತಣ್ಣೀರು ಎದೆಗೆ ತಾಗಿದಾಗ ತಾನಾಗಿಯೇ ಏದುಸಿರು ಬರುತ್ತದೆ, ಆಗ ತಲೆ ನೀರೊಳಗಿದ್ದರೆ ಅಪಾಯ. ಕುತ್ತಿಗೆವರೆಗೆ ಇಪ್ಪತ್ತು ಸೆಕೆಂಡು ಮೊದಲ ಸಲಕ್ಕೆ ಧಾರಾಳ. ಬಿಪಿ, ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಇಳಿಯಬೇಡಿ, ಕುಡಿದಿದ್ದರಂತೂ ಯಾರೂ ಬೇಡ.

ಊಟದ ವಿಷಯ ಚಿಕ್ಕದಾಗಿ. ಜಪಾನಿನಲ್ಲಿ 'ವೆಜಿಟೇರಿಯನ್' ಎಂದರೆ ಮಾಂಸ ತೆಗೆದು ಮೀನಿನ ಸಾರು ಉಳಿಸುತ್ತಾರೆ. ಮಿಸೊ ಸೂಪಿನಲ್ಲೂ ತೆಂಪುರಾ ಅದ್ದಿಕೊಳ್ಳುವ ರಸದಲ್ಲೂ ಇರುವ ದಾಶಿ ಸಾಮಾನ್ಯವಾಗಿ ಒಣಮೀನಿನದು. ಆ ಒಣಮೀನಿನ ಹೆಸರು ಹಿಡಿದೇ 'ಕತ್ಸುಒಬುಶಿ ಬೇಡ' ಎಂದು ಬರೆದು ತೋರಿಸಿ, ರ್‍ಯೊಕಾನ್‌ಗೆ ಬುಕ್ ಮಾಡುವಾಗಲೇ ತಿಳಿಸಿ. ನಿಶ್ಚಿಂತೆಯಿಂದ ಉಣ್ಣಬೇಕೆಂದರೆ ಒಸಾಕಾದ ನಂಬಾದಿಂದ ರೈಲು, ಕೇಬಲ್ ಕಾರ್ ಹಿಡಿದು ಕೋಯಾಸಾನ್ ಬೆಟ್ಟಕ್ಕೆ ಹೋಗಿ ಮಠದಲ್ಲೊಂದು ರಾತ್ರಿ ಉಳಿಯಿರಿ. ಅಲ್ಲಿನ ಶೋಜಿನ್, ಅಂದರೆ ಬೌದ್ಧ ಮಠದ ಸಸ್ಯಾಹಾರಿ ಅಡುಗೆ, ಈರುಳ್ಳಿ-ಬೆಳ್ಳುಳ್ಳಿ ಬಿಟ್ಟವರಿಗೂ ನಡೆಯುತ್ತದೆ. ರಾತ್ರಿಯೂಟ ಆರು ಗಂಟೆಗೆಲ್ಲ ಬಡಿಸಿಬಿಡುತ್ತಾರೆ, ತಡವಾಗಿ ತಲುಪಿದರೆ ಉಪವಾಸ.

ಫಿನ್‌ಲ್ಯಾಂಡಿನಲ್ಲಿ ರೈ ಎಂಬ ಧಾನ್ಯದ ಹಿಟ್ಟಿನ ತೆಳು ಹೊದಿಕೆಯೊಳಗೆ ಅನ್ನದ ಗಂಜಿ ತುಂಬಿ ಬೇಯಿಸುವ ಕರೇಲಿಯನ್ ಪೈ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಮೇಲೆ ಹಚ್ಚುವ ಬೆಣ್ಣೆಗೆ ಮೊಟ್ಟೆ ಬೆರೆಸಿರುತ್ತಾರೆ, ಬೇಡವೆಂದರೆ ಹೇಳಿ. ಆಗಸ್ಟ್‌ನಲ್ಲಿ ಹೋದರೆ ಹೆಲ್ಸಿಂಕಿಯ ಹತ್ತಿರದ ನೂಕ್ಸಿಯೊ ಕಾಡಿನಲ್ಲಿ ಬ್ಲೂಬೆರಿ ಕಿತ್ತು ತಿನ್ನಿ, ಅಲ್ಲಿ ಯಾರ ಅನುಮತಿಯೂ ಬೇಡ. ಖಾಸಗಿ ಕಾಡಿನಲ್ಲೂ ಕೀಳಬಹುದು, ಮನೆಯಂಗಳಕ್ಕೆ ಮಾತ್ರ ಕಾಲಿಡಬಾರದು. ಅಣಬೆಗೂ ಇದೇ ಹಕ್ಕಿದೆ, ಆದರೆ ಅಲ್ಲಿ ಬೆಳೆಯುವ ಒಂದು ಬಿಳಿ ಜಾತಿ ಜೀವವನ್ನೇ ತೆಗೆಯುವಂಥದ್ದು. ಗುರುತು ಬಲ್ಲವರು ಜೊತೆಗಿಲ್ಲದಿದ್ದರೆ ಮುಟ್ಟಬೇಡಿ.